ಕರೆಂಟ್ ಹೋದರೂ ನೆಲ ಒದ್ದೆಯಾಗಬಾರದು: ಸಂಪ್ ಇರುವ ದೊಡ್ಡ ಅಕ್ವೇರಿಯಂಗೆ ಪೈಪ್ ಜೋಡಿಸುವ ಸಮಗ್ರ ಮಾರ್ಗದರ್ಶಿ

ದೊಡ್ಡ ಟ್ಯಾಂಕ್ ಇಟ್ಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎನ್‌ಆರ್‌ವಿ ಹಾಕಿಸಿದ್ದೆ. ಆದರೂ ರಾತ್ರಿ ಕರೆಂಟ್ ಹೋದಾಗ ಸಂಪ್ ಉಕ್ಕಿ ಹಾಲ್ ಪೂರ್ತಿ ನೀರು. ಯಾವ ಕಂಪನಿ ವಾಲ್ವ್ ಹಾಕಿಸಲಿ?"

ಎನ್‌ಆರ್‌ವಿ ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ (ನಾನ್ ರಿಟರ್ನ್ ವಾಲ್ವ್). ಯಾವ ಕಂಪನಿಯದ್ದಾದರೂ ಅದು ಒಂದಲ್ಲ ಒಂದು ದಿನ ಕೈಕೊಡುತ್ತದೆ. ಆ ದಿನ ಇಳಿದು ಬರುವ ನೀರಿಗೆ ಸಂಪ್‌ನಲ್ಲಿ ಜಾಗ ಇರಬೇಕು. ಅಷ್ಟು ಮಾಡಿಟ್ಟರೆ ವಾಲ್ವ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಎಲ್ಲರೂ ವಾಲ್ವ್‌ನಿಂದ ಶುರು ಮಾಡುತ್ತಾರೆ. ಇಲ್ಲಿ ವಾಲ್ವ್ ಬರುವುದು 8ನೇ ಹಂತದಲ್ಲಿ.

ಒಂದು ಮಾತು. ಇಲ್ಲಿ ಸಂಪ್ ಅಂದರೆ ಮನೆ ಮುಂದೆ ನೆಲದಡಿ ಇರುವ ನೀರಿನ ಸಂಪ್ ಅಲ್ಲ. ಟ್ಯಾಂಕ್‌ನ ಕೆಳಗೆ ಕ್ಯಾಬಿನೆಟ್ ಒಳಗೆ ಕೂರುವ ಎರಡನೇ ಗಾಜಿನ ತೊಟ್ಟಿ. ಮೇಲಿನ ನೀರು ಇದಕ್ಕೆ ಇಳಿದು, ಫಿಲ್ಟರ್ ಆಗಿ, ಪಂಪ್‌ನಿಂದ ಮತ್ತೆ ಮೇಲಕ್ಕೆ ಹೋಗುತ್ತದೆ. ಮೇಲಿನದನ್ನು ಟ್ಯಾಂಕ್ ಅಂತಲೇ ಕರೆಯೋಣ.

## ನೀರು ಹೊರಗೆ ಬರುವ ದಾರಿ ಎರಡೇ

ಮೊದಲನೆಯದು, ಪಂಪ್ ನಿಂತಾಗ. ಕರೆಂಟ್ ಹೋದ ಕೂಡಲೇ ಟ್ಯಾಂಕ್‌ನ ಮೇಲ್ಪದರದ ನೀರು ಓವರ್‌ಫ್ಲೋ ಮೂಲಕ ಇಳಿಯುತ್ತಲೇ ಇರುತ್ತದೆ. ಜೊತೆಗೆ, ನೀರನ್ನು ಮೇಲಕ್ಕೆ ತಳ್ಳುತ್ತಿದ್ದ ರಿಟರ್ನ್ ಪೈಪ್ ಈಗ ಉಲ್ಟಾ ಕೆಲಸ ಮಾಡುತ್ತದೆ. ಅದರ ಬಾಯಿ ನೀರಿನಲ್ಲಿ ಮುಳುಗಿದ್ದರೆ ಸೈಫನ್ ಹಿಡಿದು ಟ್ಯಾಂಕ್ ನೀರನ್ನು ಸಂಪ್‌ಗೆ ಎಳೆಯುತ್ತದೆ. ಬಾಯಿಗೆ ಗಾಳಿ ಸಿಗುವ ತನಕ ನಿಲ್ಲುವುದಿಲ್ಲ. ಉಕ್ಕುವುದು ಸಂಪ್.

ಎರಡನೆಯದು, ಪಂಪ್ ಓಡುತ್ತಿರುವಾಗ. ಇಳಿಯುವ ಪೈಪ್ ಎಲೆಯಿಂದಲೋ ಬಸವನಹುಳುವಿನಿಂದಲೋ ಕಟ್ಟಿಕೊಂಡಿರುತ್ತದೆ. ಪಂಪ್‌ಗೆ ಅದು ಗೊತ್ತಿಲ್ಲ, ತಳ್ಳುತ್ತಲೇ ಇರುತ್ತದೆ. ಉಕ್ಕುವುದು ಟ್ಯಾಂಕ್.

ಎರಡಕ್ಕೂ ಮದ್ದು ಬೇರೆ ಬೇರೆ. ಒಂದನ್ನು ಸರಿಮಾಡಿ ಇನ್ನೊಂದನ್ನು ಮರೆತವರೇ ಜಾಸ್ತಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಅಳತೆ ಟೇಪ್, ರಸಮಟ್ಟ, ಪರ್ಮನೆಂಟ್ ಮಾರ್ಕರ್, 5 ಅಥವಾ 6 ಮಿ.ಮೀ. ಬಿಟ್ ಇರುವ ಡ್ರಿಲ್, ಹ್ಯಾಕ್ಸಾ ಬ್ಲೇಡ್, ಮರಳು ಕಾಗದ, ಪೈಪ್‌ಗೆ ತಕ್ಕ ಸಾಲ್ವೆಂಟ್ ಸಿಮೆಂಟ್ (ಪೈಪ್ ಅಂಟು), ಟೆಫ್ಲಾನ್ ಟೇಪ್, ಇನ್ಸುಲೇಷನ್ ಟೇಪ್, ಸ್ಟೇನ್‌ಲೆಸ್ ಸ್ಟೀಲ್ ಹೋಸ್ ಕ್ಲಿಪ್‌ಗಳು. ನೀರು ಅಳೆಯಲು ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಸಾಕು. ಸೋರಿಕೆ ಹಿಡಿಯಲು ಟಿಶ್ಯೂ ಪೇಪರ್. ಪಂಪ್‌ನ ಸ್ವಿಚ್ ಹತ್ತಿರ ನಿಲ್ಲಲು ಇನ್ನೊಬ್ಬರು ಬೇಕು. 7ನೇ ಹಂತವನ್ನು ಒಬ್ಬರೇ ಮಾಡಲು ಹೋಗಬೇಡಿ.

ಟ್ಯಾಂಕ್ ಹೊಸದಾಗಿದ್ದರೆ ಮೀನು ಬಿಡುವ ಮುಂಚೆಯೇ ಎಲ್ಲ ಮುಗಿಸಿ.

## ಹಂತ 1: ಮೊದಲು ಲೆಕ್ಕ, ಆಮೇಲೆ ಪೈಪ್

ಉದಾಹರಣೆಗೆ ಸಾಮಾನ್ಯವಾದ ನಾಲ್ಕಡಿ ಟ್ಯಾಂಕ್ ತೆಗೆದುಕೊಳ್ಳೋಣ. ಉದ್ದ 120, ಅಗಲ 45, ಎತ್ತರ 60 ಸೆಂ.ಮೀ. ಉದ್ದವನ್ನು ಅಗಲದಿಂದ ಗುಣಿಸಿದರೆ 5400. ಅಂದರೆ ನೀರಿನ ಮಟ್ಟ ಒಂದೇ ಒಂದು ಸೆಂ.ಮೀ. ಇಳಿದರೆ 5.4 ಲೀಟರ್ ಕೆಳಗೆ ಬಂತು ಅಂತ ಅರ್ಥ. ಈ ಒಂದು ಸಂಖ್ಯೆಯನ್ನು ಕ್ಯಾಬಿನೆಟ್ ಬಾಗಿಲ ಒಳಗೆ ಬರೆದಿಡಿ. ಮುಂದಿನ ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

ಟ್ಯಾಂಕ್‌ನ ಮೇಲ್ಪದರದ ನೀರು ಹಲ್ಲಿನಂಥ ಸಂದುಗಳ ಮೂಲಕ ಓವರ್‌ಫ್ಲೋ ಬಾಕ್ಸ್‌ಗೆ ಬಿದ್ದು ಇಳಿಯುವ ಪೈಪ್ ಸೇರುತ್ತದೆ. ಪಂಪ್ ಓಡುವಾಗ ನೀರು ಆ ಬಾಕ್ಸ್‌ನ ಹಲ್ಲುಗಳ ತಳದಿಂದ ಸುಮಾರು 2 ಸೆಂ.ಮೀ. ಮೇಲೆ ನಿಲ್ಲುತ್ತದೆ ಅಂದುಕೊಳ್ಳಿ. ಪಂಪ್ ನಿಂತರೆ ಅಷ್ಟು ಖಂಡಿತ ಇಳಿಯುತ್ತದೆ: 10.8 ಲೀಟರ್. ಪೈಪ್‌ಗಳ ಒಳಗಿರುವುದು ಮತ್ತು ಬಾಕ್ಸ್‌ನಿಂದ ಬರುವುದು ಸೇರಿ ಇನ್ನೊಂದು 5 ಲೀಟರ್ ಇಟ್ಟುಕೊಳ್ಳಿ. ಒಂದಿಂಚು ಪೈಪ್ ಮೀಟರಿಗೆ ಸುಮಾರು ಅರ್ಧ ಲೀಟರ್ ಹಿಡಿಯುತ್ತದೆ. ಒಟ್ಟು 16 ಲೀಟರ್ ಆಯಿತು.

ಈಗ ರಿಟರ್ನ್ ಪೈಪ್‌ನ ಬಾಯಿ ನೀರಿನ ಮೇಲ್ಮೈಯಿಂದ 10 ಸೆಂ.ಮೀ. ಕೆಳಗಿದೆ ಅನ್ನಿ. ಸೈಫನ್ ಹಿಡಿದರೆ ಮಟ್ಟ ಅಲ್ಲಿಯವರೆಗೂ ಇಳಿಯುತ್ತದೆ. 54 ಲೀಟರ್, ಮೇಲಿನ 5 ಸೇರಿಸಿದರೆ 59.

ಸಂಪ್ ಎಷ್ಟು ತಾಳುತ್ತದೆ ನೋಡೋಣ. ಅಳತೆ 90, 40, 40 ಸೆಂ.ಮೀ. ಒಳಗಿನ ಅಡ್ಡಗಾಜುಗಳು 25 ಸೆಂ.ಮೀ. ಎತ್ತರ. ಪಂಪ್ ಕೂರುವ ಕೊನೆಯ ಚೇಂಬರ್, ಅಂದರೆ ರಿಟರ್ನ್ ಚೇಂಬರ್, 25 ಸೆಂ.ಮೀ. ಉದ್ದ, ಅದರಲ್ಲಿ ಪಂಪ್ ಓಡುವಾಗ ನೀರು 18 ಸೆಂ.ಮೀ. ಮಟ್ಟದಲ್ಲಿದೆ. ಬೇರೆ ಚೇಂಬರ್‌ಗಳು ಅಡ್ಡಗಾಜಿನ ತನಕ ಮೊದಲೇ ತುಂಬಿರುತ್ತವೆ, ಅಲ್ವಾ? ಹಾಗಾಗಿ ಖಾಲಿ ಇರುವುದು ರಿಟರ್ನ್ ಚೇಂಬರ್‌ನ 7 ಸೆಂ.ಮೀ., ಅಂದರೆ 7 ಲೀಟರ್. ಅಡ್ಡಗಾಜಿನಿಂದ ಮೇಲೆ ಅಂಚಿನ ತನಕ 15 ಸೆಂ.ಮೀ. ಇದೆ. ಪ್ರತಿ ಸೆಂ.ಮೀ.ಗೆ 3.6 ಲೀಟರ್‌ನಂತೆ 54. ಒಟ್ಟು 61 ಲೀಟರ್.

59 ಲೀಟರ್ ಬರುತ್ತದೆ, 61 ಲೀಟರ್ ಜಾಗ ಇದೆ. ಲೆಕ್ಕದಲ್ಲಿ ಪಾಸ್. ಮನೆಯಲ್ಲಿ ಫೇಲ್. ಅಡ್ಡಗಾಜಿನ ಮೇಲಕ್ಕೆ ಇಣುಕುವ ಫಿಲ್ಟರ್ ಮೀಡಿಯಾ ಚೀಲ, ಹೀಟರ್, ಯಾರೋ ಸುಮ್ನೆ ಸುರಿದ ಒಂದು ಚೊಂಬು ನೀರು, ಎಲ್ಲವೂ ಆ ಎರಡು ಲೀಟರನ್ನು ನುಂಗಿಬಿಡುತ್ತವೆ. ಅಂಚಿನಿಂದ ಕನಿಷ್ಠ 3 ಸೆಂ.ಮೀ. ಬಿಟ್ಟು ಲೆಕ್ಕ ಹಾಕಿ. ಆಗ ಈ ಸಂಪ್‌ನ ನಿಜವಾದ ಜಾಗ ಸುಮಾರು 50 ಲೀಟರ್.

ಸಾಮಾನ್ಯ ತಪ್ಪು: ಸಂಪ್‌ನ ಒಟ್ಟು ಅಳತೆ 144 ಲೀಟರ್ ಅಂತ ನೋಡಿ ನೆಮ್ಮದಿಯಾಗುವುದು. ನಮಗೆ ಬೇಕಾದದ್ದು ಖಾಲಿ ಇರುವ ಜಾಗ.

## ಹಂತ 2: ರಿಟರ್ನ್ ಬಾಯಿಯನ್ನು ಮೇಲೆತ್ತಿ

ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ಗಟ್ಟಿಯಾದ ಉಪಾಯ ಇದು. ಬಾಯಿಯನ್ನು ಮೇಲ್ಮೈಯಿಂದ 2 ಸೆಂ.ಮೀ. ಆಳಕ್ಕೆ ತನ್ನಿ. 59 ಲೀಟರ್ ಇದ್ದದ್ದು 16ಕ್ಕೆ ಇಳಿಯಿತು. ಖರ್ಚು ಒಂದು ಎಲ್ಬೋ, ಒಂದು ಗೇಣು ಪೈಪ್.

ಬಾಯಿ ನೀರಿನ ಮೇಲೆಯೇ ಇದ್ದರೆ ಇನ್ನೂ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಸೈಫನ್ ಮಟ್ಟಿಗೆ ಹೌದು. ಆದರೆ ರಾತ್ರಿಯೆಲ್ಲ ಸದ್ದು, ಸುತ್ತ ಹನಿ ಸಿಡಿತ. ಕೊನೆಗೆ ಮನೆಯವರು ಬೈದು ನೀವೇ ಅದನ್ನು ಕೆಳಗೆ ಬಗ್ಗಿಸುತ್ತೀರಿ. ಹಾಗಾಗಿ ಸ್ವಲ್ಪ ಮುಳುಗಿರಲಿ.

ರಿಟರ್ನ್ ಪೈಪ್ ಎರಡಾಗಿ ಕವಲೊಡೆದಿದ್ದರೆ ಕೆಳಗಿರುವ ಬಾಯಿಯೇ ಲೆಕ್ಕ. ಒಂದನ್ನು ಮೇಲೆತ್ತಿ ಇನ್ನೊಂದನ್ನು ಕಲ್ಲಿನ ಹಿಂದೆ ಮರೆತರೆ ಪ್ರಯೋಜನವಿಲ್ಲ.

ಬಗ್ಗಿಸಬಹುದಾದ ಗಿಣ್ಣುಗಿಣ್ಣಿನ ನಳಿಕೆ ಬಳಸುವವರು ಇನ್ನಷ್ಟು ಹುಷಾರು. ನನ್ನ ಕಥೆ ಅದೇ. ಗಾಜು ಉಜ್ಜುವಾಗ ಕೈಗೆ ಅಡ್ಡ ಬಂತು ಅಂತ ನಳಿಕೆಯನ್ನು ಒಂದು ಗೇಣು ಕೆಳಕ್ಕೆ ಬಗ್ಗಿಸಿದ್ದೆ, ವಾಪಸ್ ಎತ್ತಲಿಲ್ಲ. ಪಂಪ್ ಇನ್ವರ್ಟರ್ ಮೇಲಿತ್ತಲ್ಲ, ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ರಾತ್ರಿ ಕರೆಂಟ್ ಬರಲೇ ಇಲ್ಲ, ಬೆಳಗಿನ ಜಾವ ಬ್ಯಾಟರಿ ಮುಗಿಯಿತು. ಐದೂವರೆಗೆ ಬೆಲ್. ಕೆಳಗಿನ ಮನೆ ಅಂಕಲ್ ಬನಿಯನ್‌ನಲ್ಲೇ ನಿಂತಿದ್ದರು, ಕೈಯಲ್ಲಿ ಬಕೆಟ್. "ಏನ್ ಸಾರ್, ನಿಮ್ಮನೇಲಿ ನಲ್ಲಿ ಏನಾದ್ರೂ ಬಿಟ್ಟಿದ್ದೀರಾ? ನಮ್ಮ ಹಾಲ್ ಫ್ಯಾನಿಂದ ನೀರು ತೊಟ್ಟಿಕ್ತಿದೆ." ನಾನು ಹಿಂದೆ ತಿರುಗಿ ನೋಡಿದರೆ ನಮ್ಮ ಹಾಲ್‌ನಲ್ಲಿ ಚಪ್ಪಲಿ ತೇಲುತ್ತಿತ್ತು.

ಅಂದಿನಿಂದ ನಳಿಕೆಯ ಮೊದಲ ಗಿಣ್ಣಿಗೆ ಒಂದು ಕೇಬಲ್ ಟೈ ಬಿಗಿದಿದ್ದೇನೆ. ಬಗ್ಗಿಸಬೇಕು ಅಂದರೂ ಬಗ್ಗುವುದಿಲ್ಲ.

## ಹಂತ 3: ಗಾಳಿ ತೂತು

ರಿಟರ್ನ್ ಪೈಪ್ ಟ್ಯಾಂಕ್ ಒಳಗೆ ಇಳಿಯುವ ಜಾಗದಲ್ಲಿ, ಪಂಪ್ ಓಡುವಾಗಿನ ನೀರಿನ ಮಟ್ಟದಿಂದ 1 ಸೆಂ.ಮೀ. ಕೆಳಗೆ, 5 ಅಥವಾ 6 ಮಿ.ಮೀ. ತೂತು ಕೊರೆಯಿರಿ. ಪಂಪ್ ನಿಂತು ಮಟ್ಟ ತುಸು ಇಳಿದ ಕೂಡಲೇ ತೂತು ಗಾಳಿಗೆ ತೆರೆದುಕೊಳ್ಳುತ್ತದೆ, ಗಾಳಿ ಒಳಗೆ ನುಗ್ಗಿ ಸೈಫನ್ ಕಡಿಯುತ್ತದೆ.

ತೂತು ನೀರಿನ ಮೇಲಿದ್ದರೆ ಪಂಪ್ ಓಡುವಾಗ ಪಿಚಕಾರಿ ಹಾರಿಸುತ್ತದೆ, ಗೋಡೆ ಹಾಳು. ತುಂಬಾ ಕೆಳಗಿದ್ದರೆ ಅಷ್ಟು ನೀರು ಇಳಿದ ಮೇಲೆ ಕೆಲಸ ಶುರು. 2 ಮಿ.ಮೀ.ನಷ್ಟು ಸಣ್ಣದಾದರೆ ಒಂದಿಂಚು ಪೈಪ್‌ನಲ್ಲಿ ಗಾಳಿಗುಳ್ಳೆಗಳು ನೀರಿನ ಜೊತೆಗೇ ಕೊಚ್ಚಿಕೊಂಡು ಹೋಗುತ್ತವೆ, ಸೈಫನ್ ನಿಲ್ಲುವುದಿಲ್ಲ. ಪಾಚಿಗೂ ಸಣ್ಣ ತೂತೇ ಇಷ್ಟ.

ಒಂದರ ಬದಲು ಎರಡು ತೂತು ಇರಲಿ, ಪೈಪ್‌ನ ಬೇರೆ ಬೇರೆ ಬದಿಯಲ್ಲಿ. ಎರಡೂ ಒಂದೇ ದಿನ ಕಟ್ಟಿಕೊಳ್ಳುವುದು ಕಡಿಮೆ. ವಾರಕ್ಕೊಮ್ಮೆ ಪೊರಕೆ ಕಡ್ಡಿ ತೂರಿಸಿ ಬಿಡಿಸಿ. ತೂತು ಸರಿ ಇದೆಯಾ ಅಂತ ತಿಳಿಯಲು ಕಿವಿ ಸಾಕು. ಪಂಪ್ ಆಫ್ ಮಾಡಿ, ಸ್ವಲ್ಪ ಹೊತ್ತಿನಲ್ಲಿ ಪೈಪ್ ಒಳಗೆ ಸೊರ್‌ರ್ ಅಂತ ಗಾಳಿ ಎಳೆಯುವ ಸದ್ದು ಬರಬೇಕು. ಬರಲಿಲ್ಲ ಅಂದರೆ ಪಾಚಿ.

ಹೀಗಿದ್ದರೂ ತೂತನ್ನು ಪೂರ್ತಿ ನಂಬಬೇಡಿ. 1ನೇ ಹಂತದ ಲೆಕ್ಕ ಹಾಕುವಾಗ ತೂತು ಕಟ್ಟಿಕೊಂಡಿದೆ ಅಂತಲೇ ಹಾಕಿ.

## ಹಂತ 4: ಇಳಿಯುವ ಪೈಪ್ ಒಂದೇ ಇದ್ದರೆ ಸಾಲದು

ಈಗ ಎರಡನೇ ದಾರಿ, ಟ್ಯಾಂಕ್ ಉಕ್ಕುವುದು.

ಇಳಿಯುವ ಪೈಪ್ ಜೊತೆಗೆ ಯಾವಾಗಲೂ ಒಂದು ಎಮರ್ಜೆನ್ಸಿ ಪೈಪ್ ಇರಲಿ. ಅದರ ಬಾಯಿ ಮುಖ್ಯ ಪೈಪ್‌ನ ಬಾಯಿಗಿಂತ ಎರಡು ಮೂರು ಸೆಂ.ಮೀ. ಮೇಲೆ. ಮಾಮೂಲಿ ದಿನಗಳಲ್ಲಿ ಅದರಲ್ಲಿ ನೀರೇ ಇಳಿಯಬಾರದು. ಮುಖ್ಯ ಪೈಪ್ ಕಟ್ಟಿದರೆ ಮಟ್ಟ ಏರಿ ಇದರೊಳಗೆ ಬೀಳುತ್ತದೆ. ಈ ಪೈಪ್‌ಗೆ ವಾಲ್ವ್ ಬೇಡ, ಜಾಲರಿ ಬೇಡ. ಕೆಳಗಿನ ತುದಿ ಸಂಪ್ ನೀರಿನ ಮೇಲೆಯೇ ನಿಲ್ಲಲಿ. ಆಗ ನೀರು ಬಿದ್ದರೆ ಜೋರಾಗಿ ಸದ್ದಾಗುತ್ತದೆ. ಆ ಸದ್ದೇ ನಿಮ್ಮ ಅಲಾರಂ.

ಒಂದಿಂಚಿನ ಒಂದು ಪೈಪ್‌ನಲ್ಲಿ ಗಂಟೆಗೆ 2000 ಲೀಟರ್‌ಗಿಂತ ಜಾಸ್ತಿ ಇಳಿಸಲು ಹೋಗಬೇಡಿ. ಪಂಪ್ ದೊಡ್ಡದಾದರೆ ಪೈಪ್ ಒಂದೂಕಾಲು ಅಥವಾ ಒಂದೂವರೆ ಇಂಚಿನದಾಗಲಿ. ಸಂಪ್ ತನಕ ಇಳಿಜಾರು ಇರಬೇಕು. ಉದ್ದಕ್ಕೆ ಮಲಗಿದ ಪೈಪ್‌ನಲ್ಲಿ ಗಾಳಿ ಸಿಕ್ಕಿಕೊಂಡು ಹರಿವು ಅರ್ಧಕ್ಕೆ ಬೀಳುತ್ತದೆ.

ಸದ್ದಿಲ್ಲದೆ ಇಳಿಯಲಿ ಅಂತ ಮುಖ್ಯ ಪೈಪ್‌ಗೆ ಗೇಟ್ ವಾಲ್ವ್ ಹಾಕಿ, ಗಾಳಿ ಸೇರದೆ ಪೈಪ್ ತುಂಬ ನೀರು ಇಳಿಯುವಂತೆ ಪೂರ್ತಿ ಸೈಫನ್ ಮಾಡುವ ಪದ್ಧತಿ ಇದೆ. ಚೆನ್ನಾಗಿದೆ, ನಾನೂ ಅದನ್ನೇ ಬಳಸುತ್ತೇನೆ. ಆದರೆ ಎಮರ್ಜೆನ್ಸಿ ಪೈಪ್ ಇಲ್ಲದೆ ಇದನ್ನು ಮಾಡಲೇಬಾರದು. ಇನ್ನೊಂದು ಸೂಕ್ಷ್ಮ ಇದೆ. ಮುಖ್ಯ ಪೈಪ್‌ನ ಕೆಳತುದಿ ಸಂಪ್ ನೀರಿನಲ್ಲಿ ಎರಡು ಮೂರು ಸೆಂ.ಮೀ. ಮಾತ್ರ ಮುಳುಗಿರಬೇಕು. ಕರೆಂಟ್ ಹೋದಾಗ ಸಂಪ್ ಮಟ್ಟ ಏರಿ ಆ ತುದಿ ಇನ್ನೂ ಆಳಕ್ಕೆ ಹೋಗುತ್ತದೆ. ಮೊದಲೇ ಆಳದಲ್ಲಿದ್ದರೆ, ಕರೆಂಟ್ ವಾಪಸ್ ಬಂದಾಗ ಪೈಪ್ ಒಳಗಿನ ಗಾಳಿಗೆ ಹೊರಬೀಳಲು ಆಗದೆ ಸೈಫನ್ ಮತ್ತೆ ಹಿಡಿಯುವುದೇ ಇಲ್ಲ.

ಟ್ಯಾಂಕ್‌ಗೆ ತೂತು ಹೊಡೆಸಲು ಹೆದರಿ, ಅಂಚಿಗೆ ನೇತುಹಾಕುವ ಯು ಕೊಳವೆಯ ಓವರ್‌ಫ್ಲೋ ಹಾಕಿಸುವವರಿದ್ದಾರೆ. ಕೊಳವೆಯ ಬೆನ್ನಲ್ಲಿ ಗಾಳಿಗುಳ್ಳೆ ಸೇರುತ್ತಾ ಹೋಗಿ ಒಂದು ದಿನ ಸೈಫನ್ ಕಡಿಯುತ್ತದೆ, ಪಂಪ್ ಮಾತ್ರ ಓಡುತ್ತಿರುತ್ತದೆ. ದಿನಕ್ಕೆರಡು ಸಲ ಕರೆಂಟ್ ಹೋಗುವ ಮನೆಗೆ, ದೊಡ್ಡ ಟ್ಯಾಂಕ್‌ಗೆ, ಇದು ಬೇಡ ಅಂತ ನನ್ನ ಅಭಿಪ್ರಾಯ. ಇದ್ದೇ ಇದ್ದರೆ ಎರಡು ಕೊಳವೆ ಹಾಕಿ, ಮುಂದಿನ ಹಂತವನ್ನು ಎರಡು ಸಲ ಓದಿ.

## ಹಂತ 5: ರಿಟರ್ನ್ ಚೇಂಬರ್ ಚಿಕ್ಕದಾಗಿರಲಿ

ಎಲ್ಲ ಪೈಪ್‌ಗಳೂ ಒಟ್ಟಿಗೆ ಕಟ್ಟಿಕೊಂಡವು ಅನ್ನೋಣ. ಪಂಪ್ ತನ್ನ ಚೇಂಬರ್‌ನಲ್ಲಿರುವ ನೀರನ್ನಷ್ಟೇ ಮೇಲಕ್ಕೆ ತಳ್ಳಬಲ್ಲದು. ಆ ನೀರು ಟ್ಯಾಂಕ್‌ನ ಅಂಚಿನೊಳಗೆ ಹಿಡಿಸಿದರೆ ಪ್ರವಾಹವೇ ಇಲ್ಲ.

ನಮ್ಮ ಉದಾಹರಣೆಯಲ್ಲಿ ಚೇಂಬರ್ ಪ್ರತಿ ಸೆಂ.ಮೀ.ಗೆ 1 ಲೀಟರ್ ಹಿಡಿಯುತ್ತದೆ. ನೀರು 18 ಸೆಂ.ಮೀ. ಇದೆ, ಪಂಪ್ 5 ಸೆಂ.ಮೀ.ಗೆ ಗಾಳಿ ಎಳೆಯಲು ಶುರು ಮಾಡುತ್ತದೆ. ಹಾಗಾದರೆ ಮೇಲೆ ಹೋಗುವುದು 13 ಲೀಟರ್. ಟ್ಯಾಂಕ್‌ನಲ್ಲಿ ಅದು 2.4 ಸೆಂ.ಮೀ. ಏರಿಕೆ. ಅಂಚಿಗೆ 4 ಸೆಂ.ಮೀ. ಬಾಕಿ ಬಿಟ್ಟಿದ್ದರೆ ಗೆದ್ದಿರಿ. ಅದೇ ಚೇಂಬರ್ 45 ಸೆಂ.ಮೀ. ಉದ್ದ ಇದ್ದರೆ 23 ಲೀಟರ್ ಮೇಲೆ ಹೋಗಿ ಅಂಚು ದಾಟುತ್ತದೆ.

ಇದೆಲ್ಲ ಎಷ್ಟು ಬೇಗ ಆಗುತ್ತದೆ ಗೊತ್ತಾ? ಗಂಟೆಗೆ 2000 ಲೀಟರ್ ಪಂಪ್ ಅಂದರೆ ನಿಮಿಷಕ್ಕೆ 33. ಹದಿಮೂರು ಲೀಟರ್ ಅರ್ಧ ನಿಮಿಷದೊಳಗೆ ಖಾಲಿ. ಓಡಿ ಬಂದು ಸ್ವಿಚ್ ಆರಿಸುತ್ತೇನೆ ಅನ್ನುವುದು ಆಗದ ಮಾತು.

ನೀರು ಇಲ್ಲದೆ ಓಡಿದರೆ ಪಂಪ್ ಸುಡಬಹುದು. ಒಣಗಿದರೆ ತಾನೇ ನಿಲ್ಲುವ ಪಂಪ್ ಸಿಕ್ಕರೆ ಕೊಳ್ಳಿ. ಸಿಗದಿದ್ದರೂ, ಹೋಗುವುದು ಒಂದು ಪಂಪ್. ಕೆಳಗಿನ ಮನೆಯ ಸೀಲಿಂಗ್‌ಗಿಂತ ಅಗ್ಗ.

## ಹಂತ 6: ಜಾಯಿಂಟ್‌ಗಳು

ಗಾಜಿನ ತೂತಿಗೆ ಟ್ಯಾಂಕ್ ನಿಪ್ಪಲ್ (ಪೈಪನ್ನು ಗಾಜಿಗೆ ಸೇರಿಸುವ ನಟ್ ಇರುವ ಫಿಟ್ಟಿಂಗ್) ಹಾಕುವಾಗ ರಬ್ಬರ್ ವಾಷರ್ ತಲೆಯ ಕಡೆ ಇರಬೇಕು, ನಟ್ ಕಡೆ ಅಲ್ಲ. ನಟ್ ತಿರುಗಿಸಿದರೆ ರಬ್ಬರ್ ಜೊತೆಗೇ ತಿರುಚಿಕೊಳ್ಳುತ್ತದೆ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಾಕು. ಇನ್ನೂ ಬಿಗಿದರೆ ಗಾಜು ಬಿರಿಯುತ್ತದೆ.

ಪೈಪ್ ಕತ್ತರಿಸಿದ ಅಂಚನ್ನು ಮರಳು ಕಾಗದದಲ್ಲಿ ನಯ ಮಾಡಿ, ಒಣ ಬಟ್ಟೆಯಲ್ಲಿ ಒರೆಸಿ, ಸಿಮೆಂಟ್ ಹಚ್ಚಿ, ತುಸು ತಿರುಗಿಸುತ್ತಾ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ನೀರು ಬಿಡುವುದು 24 ಗಂಟೆ ಬಿಟ್ಟು. ಪ್ಲಂಬರ್ "ಒಂದು ಗಂಟೆ ಸಾಕು ಸಾರ್" ಅನ್ನುತ್ತಾರೆ. ಬೇಡ.

ಪಂಪ್ ಹತ್ತಿರ ಒಂದು ಯೂನಿಯನ್, ಅಂದರೆ ಬಿಚ್ಚಿ ಮತ್ತೆ ಜೋಡಿಸಬಹುದಾದ ಜಾಯಿಂಟ್, ಹಾಕಿಸಿ. ಇಲ್ಲದಿದ್ದರೆ ಪಂಪ್ ತೊಳೆಯಲು ಪ್ರತಿ ಸಲ ಪೈಪ್ ಎಳೆದಾಡಿ ನಿಪ್ಪಲ್ ಸಡಿಲವಾಗುತ್ತದೆ. ಮೆತ್ತನೆ ಹೋಸ್ ಇರುವಲ್ಲೆಲ್ಲ ಕ್ಲಿಪ್ ಬೇಕೇ ಬೇಕು. ಬಿಸಿಲುಗಾಲದಲ್ಲಿ ಹೋಸ್ ಸಡಿಲವಾಗಿ ಜಾರಿದ್ದನ್ನು ನೋಡಿದ್ದೇನೆ.

## ಹಂತ 7: ಬೇಕೆಂದೇ ಕರೆಂಟ್ ತೆಗೆಯಿರಿ

ಹೆಚ್ಚಿನವರು ಬಿಡುವ ಹಂತ ಇದು. ಭಾನುವಾರ ಬೆಳಿಗ್ಗೆ, ಮನೆಯಲ್ಲಿ ಎಲ್ಲರೂ ಎದ್ದಿರುವಾಗ ಮಾಡಿ. ನಾಲ್ಕು ಪರೀಕ್ಷೆ, ಇದೇ ಕ್ರಮದಲ್ಲಿ.

1. ಅತಿ ಕೆಟ್ಟ ರಾತ್ರಿ. ಗಾಳಿ ತೂತುಗಳ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, ಎರಡೂ ಮುಚ್ಚಿರಲಿ. ಎನ್‌ಆರ್‌ವಿ ಇನ್ನೂ ಹಾಕಿಲ್ಲ. ಪಂಪ್ ಆಫ್ ಮಾಡಿ, ನೀರು ಪೂರ್ತಿ ನಿಲ್ಲುವ ತನಕ ಕಾಯಿರಿ. ಹತ್ತು ನಿಮಿಷ ಆದರೂ ಸರಿ. ಸಂಪ್ ಅಂಚಿನಿಂದ 3 ಸೆಂ.ಮೀ. ಕೆಳಗೆ ನಿಂತರೆ ಪಾಸ್. ಮೇಲೇರುತ್ತಿದ್ದರೆ ಸಂಪ್‌ನಿಂದಲೇ ನೀರು ತೆಗೆದು 3 ಸೆಂ.ಮೀ.ಗೆ ತನ್ನಿ. ಈಗ ಪಂಪ್ ಹಾಕಿ, ಐದು ನಿಮಿಷ ಓಡಲಿ. ರಿಟರ್ನ್ ಚೇಂಬರ್‌ನಲ್ಲಿ ಮಟ್ಟ ಎಲ್ಲಿ ನಿಂತಿತೋ ಅಲ್ಲಿ ಮಾರ್ಕರ್‌ನಿಂದ ದಪ್ಪ ಗೆರೆ ಎಳೆಯಿರಿ. ಇನ್ನು ಮುಂದೆ ಯಾರೂ ಆ ಗೆರೆ ದಾಟಿ ನೀರು ಹಾಕಬಾರದು. ಮನೆಯವರಿಗೂ ತೋರಿಸಿ. ಆಮೇಲೆ ಟೇಪ್ ಬಿಚ್ಚಿ. ಮರೆಯುವವರು ಇದ್ದಾರೆ.

ಪಂಪ್‌ಗೆ ಬೇಕಾದಷ್ಟು ನೀರೂ ಆ ಗೆರೆಯ ಕೆಳಗೆ ಉಳಿಯಲಿಲ್ಲ ಅಂದರೆ ಸಂಪ್ ಚಿಕ್ಕದಾಯಿತು ಅಥವಾ ರಿಟರ್ನ್ ಬಾಯಿ ಕೆಳಗಾಯಿತು. 2ನೇ ಹಂತಕ್ಕೆ ವಾಪಸ್.

2. ಮುಖ್ಯ ಪೈಪ್ ಬಂದ್. ಬಟ್ಟೆ ಸುತ್ತಿ ಮುಖ್ಯ ಪೈಪ್ ಬಾಯಿ ಮುಚ್ಚಿ. ಎಮರ್ಜೆನ್ಸಿ ಪೈಪ್ ಒಂದೇ ಎಲ್ಲ ನೀರನ್ನೂ ಇಳಿಸಬೇಕು.

3. ಎಲ್ಲವೂ ಬಂದ್. ಎರಡನ್ನೂ ಮುಚ್ಚಿ. ಒಬ್ಬರು ಸ್ವಿಚ್ ಮೇಲೆ ಬೆರಳಿಟ್ಟು ನಿಲ್ಲಲಿ. ಟ್ಯಾಂಕ್ ಅಂಚು ಮುಟ್ಟುವ ಮುಂಚೆ ಪಂಪ್ ಗಾಳಿ ಎಳೆಯಬೇಕು. ಎಳೆದ ಕೂಡಲೇ ಆಫ್ ಮಾಡಿ.

4. ಜನರೇಟರ್ ಆಟ. ಅಪಾರ್ಟ್‌ಮೆಂಟ್‌ನಲ್ಲಿ ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ ಕೆಲವು ಸೆಕೆಂಡು ಪಂಪ್ ನಿಲ್ಲುತ್ತದೆ. ವಾಪಸ್ ಲೈನ್ ಕರೆಂಟ್‌ಗೆ ಬದಲಾಗುವಾಗ ಮತ್ತೊಮ್ಮೆ. ಅರ್ಧ ಇಳಿದ ನೀರು, ಅರ್ಧ ಹಿಡಿದ ಸೈಫನ್. ಆದ್ದರಿಂದ ಪಂಪ್ 20 ಸೆಕೆಂಡ್ ಆಫ್, ಒಂದು ನಿಮಿಷ ಆನ್, ಹೀಗೆ ಐದು ಸಲ ಮಾಡಿ. ಪ್ರತಿ ಸಲವೂ ಯಾರ ಕೈಯೂ ತಾಗದೆ ಇಳಿಯುವ ಪೈಪ್ ತಾನಾಗಿ ಸರಿಹೋಗಬೇಕು.

ಪರೀಕ್ಷೆ ಮುಗಿದ ಮೇಲೆ ಪ್ರತಿ ಜಾಯಿಂಟ್ ಕೆಳಗೂ ಒಣ ಟಿಶ್ಯೂ ಇಟ್ಟು ಒಂದು ರಾತ್ರಿ ಬಿಡಿ. ಕಣ್ಣಿಗೆ ಕಾಣದ ಹನಿ ಟಿಶ್ಯೂನಲ್ಲಿ ಕಾಣುತ್ತದೆ.

## ಹಂತ 8: ಈಗ ಬೇಕಿದ್ದರೆ ಎನ್‌ಆರ್‌ವಿ

ಎಲ್ಲ ಪರೀಕ್ಷೆಯಲ್ಲೂ ಪಾಸ್ ಆದ ಟ್ಯಾಂಕ್‌ಗೆ ಎನ್‌ಆರ್‌ವಿ ಒಂದು ಹೆಚ್ಚುವರಿ ಅಷ್ಟೇ. ಸಂಪ್ ಅನವಶ್ಯಕವಾಗಿ ಏರುವುದು ತಪ್ಪುತ್ತದೆ. ಹಾಕುವುದಾದರೆ ಬಾಣದ ಗುರುತು ನೀರು ಹೋಗುವ ದಿಕ್ಕಿಗೆ ಇರಲಿ. ಎರಡೂ ಕಡೆ ಯೂನಿಯನ್ ಇರಲಿ, ಬಿಚ್ಚಿ ತೊಳೆಯಲು. ಅಂಟಿಸಿಬಿಟ್ಟ ಎನ್‌ಆರ್‌ವಿಯನ್ನು ಯಾರೂ ತೊಳೆಯುವುದಿಲ್ಲ.

ಒಳಗಿನ ಮುಚ್ಚಳದ ಕೆಳಗೆ ಒಂದು ಮರಳಿನ ಕಣ, ಒಂದು ಸಣ್ಣ ಬಸವನಹುಳು ಸಿಕ್ಕಿದರೆ ಸಾಕು, ಅದು ಕೂರುವುದಿಲ್ಲ. ಬೋರ್‌ವೆಲ್ ನೀರಿನ ಊರುಗಳಲ್ಲಿ ಬಿಳಿ ಸುಣ್ಣದ ಪದರ ಬೇರೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ವಿನಿಗರ್‌ನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ಹಾಕಿ. ಇಷ್ಟು ಮಾಡಲು ಆಗದು ಅಂದರೆ ಅದನ್ನು ಹಾಕಲೇಬೇಡಿ. ಇದೆ ಅನ್ನುವ ಧೈರ್ಯವೇ ಅಪಾಯ.

## ಹಂತ 9: ಮರೆತುಹೋಗುವ ಸಣ್ಣ ಪೈಪ್‌ಗಳು

ಏರ್ ಪಂಪ್. ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕರೆಂಟ್ ಹೋದಾಗ ಗಾಳಿ ಕೊಳವೆಯಲ್ಲೇ ನೀರು ಇಳಿದು ಪಂಪ್‌ಗೆ, ಅಲ್ಲಿಂದ ಬೋರ್ಡ್‌ಗೆ ಹೋಗಬಹುದು. ಪಂಪನ್ನು ಮೇಲೆ ಇಡಿ. ಆಗದಿದ್ದರೆ ಕೊಳವೆಗೆ ಸಣ್ಣ ಚೆಕ್ ವಾಲ್ವ್ ಹಾಕಿ. ಹಾಕುವ ಮುಂಚೆ ಬಾಯಿಂದ ಊದಿ ನೋಡಿ: ಪಂಪ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಟ್ಯಾಂಕ್ ಕಡೆಯಿಂದ ಊದಿದರೆ ಹೋಗಬಾರದು.

ತಾನಾಗಿ ನೀರು ತುಂಬುವ ವ್ಯವಸ್ಥೆ. ಆವಿಯಾದ ನೀರನ್ನು ತುಂಬಲು ಫ್ಲೋಟ್ ಸ್ವಿಚ್ ಹಾಕುತ್ತಾರಲ್ಲ, ಅದನ್ನು ನಲ್ಲಿಗೋ ಆರ್‌ಒ ಲೈನಿಗೋ ನೇರವಾಗಿ ಜೋಡಿಸಬೇಡಿ. ಫ್ಲೋಟ್ ಸಿಕ್ಕಿಕೊಂಡರೆ ಓವರ್‌ಹೆಡ್ ಟ್ಯಾಂಕ್ ಖಾಲಿಯಾಗುವ ತನಕ ಬರುತ್ತದೆ. ಹತ್ತು ಲೀಟರ್ ಕ್ಯಾನ್‌ನಿಂದ ತುಂಬುವ ಹಾಗೆ ಮಾಡಿ. ಪೂರ್ತಿ ಕ್ಯಾನ್ ಬಿದ್ದರೂ ಸಂಪ್ ತಾಳುವಂತೆ ಗೆರೆ ಕೆಳಗೆ ಬರಲಿ. ಆ ಕೊಳವೆಯ ತುದಿ ಸಂಪ್ ನೀರಿನಲ್ಲಿ ಮುಳುಗದೆ ಮೇಲೆ ನಿಲ್ಲಲಿ, ಇಲ್ಲದಿದ್ದರೆ ಅಲ್ಲೂ ಸೈಫನ್. ಕ್ಯಾನ್ ಸಂಪ್‌ಗಿಂತ ಎತ್ತರದಲ್ಲಿದ್ದರೆ ತುದಿಯನ್ನು ಮೇಲೆ ಹಿಡಿದರಷ್ಟೇ ಸಾಲದು, ಕ್ಯಾನನ್ನೇ ಸಂಪ್ ಪಕ್ಕ ನೆಲದ ಮೇಲೆ ಇಳಿಸಿ.

ನೀರು ಬದಲಿಸುವ ಹೋಸ್. ಬಾತ್‌ರೂಮ್ ನಲ್ಲಿಗೆ ಸಿಕ್ಕಿಸಿದ ಹೋಸ್‌ನ ತುದಿಯನ್ನು ಟ್ಯಾಂಕ್ ಒಳಗೆ ಮುಳುಗಿಸಿ ಬಿಟ್ಟು ಹೋಗುವುದು ಕೆಟ್ಟ ಅಭ್ಯಾಸ. ಓವರ್‌ಹೆಡ್ ಟ್ಯಾಂಕ್ ನೀರು ಮುಗಿದು ಕೆಳಗಿನ ಮನೆಯಲ್ಲಿ ಯಾರಾದರೂ ನಲ್ಲಿ ಬಿಟ್ಟರೆ, ನಿಮ್ಮ ಮೀನಿನ ನೀರು ಉಲ್ಟಾ ಹರಿದು ಮನೆಯ ಪೈಪ್ ಸೇರುತ್ತದೆ. ಹೋಸ್ ತುದಿ ನೀರಿನ ಮೇಲಿರಲಿ, ಕನಿಷ್ಠ ಹೋಸ್‌ನ ಅಗಲದ ಎರಡರಷ್ಟು ಅಂತರದಲ್ಲಿ.

## ಹಂತ 10: ವೈರ್, ಬೋರ್ಡ್, ಅಲಾರಂ

ಪ್ರತಿ ವೈರೂ ಪ್ಲಗ್‌ಗೆ ಹೋಗುವ ಮುಂಚೆ ಒಂದು ಕೊಕ್ಕೆಯಂತೆ ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲೇರಲಿ. ವೈರ್ ಮೇಲೆ ಹರಿದು ಬಂದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಪ್ಲಗ್ ಸೇರುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಕ್ಯಾಬಿನೆಟ್ ನೆಲದಲ್ಲಿ ಬೇಡ, ಪಕ್ಕದ ಗೋಡೆಗೆ ಎತ್ತರದಲ್ಲಿ ತಿರುಪು ಹಾಕಿ. ಆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಇಲ್ಲದಿದ್ದರೆ ಇವತ್ತೇ ಹಾಕಿಸಿ.

ಸಂಪ್ ಕೆಳಗೆ ಅಂಚಿರುವ ಟ್ರೇ, ಅದರಲ್ಲಿ ನೀರು ತಾಗಿದರೆ ಕೂಗುವ ಬ್ಯಾಟರಿಯ ಲೀಕ್ ಅಲಾರಂ. ಇಷ್ಟು ಸಾಕು.

## ಈ ಸೂಚನೆ ಕಂಡರೆ ಬಿಡಬೇಡಿ

ಕರೆಂಟ್ ಹೋಗಿ ಬಂದ ಮೇಲೆ ರಿಟರ್ನ್ ಚೇಂಬರ್ ಮಟ್ಟ ಮೊದಲಿಗಿಂತ ಕಡಿಮೆ ನಿಂತರೆ ಟ್ಯಾಂಕ್‌ನಲ್ಲಿ ನೀರು ಜಾಸ್ತಿಯಾಗಿದೆ, ಇಳಿಯುವ ಪೈಪ್ ಕಟ್ಟುತ್ತಿದೆ.

ಎಮರ್ಜೆನ್ಸಿ ಪೈಪ್‌ನಿಂದ ಹನಿ ಬೀಳುತ್ತಿದ್ದರೆ ಅದೇ ಕಾರಣ. ಹಲ್ಲುಗಳಲ್ಲಿ ಎಲೆ ಸಿಕ್ಕಿದೆಯಾ ನೋಡಿ.

ಮೊದಲಿಲ್ಲದ ಗುಳುಗುಳು ಸದ್ದು, ಜಾಯಿಂಟ್ ಸುತ್ತ ಬಿಳಿ ಪುಡಿ, ಕ್ಯಾಬಿನೆಟ್ ತಳದ ಹಲಗೆ ಉಬ್ಬುವುದು: ಎಲ್ಲವೂ ನಿಧಾನವಾದ ಸೋರಿಕೆ ಅಥವಾ ಕಟ್ಟಿಕೊಂಡ ಪೈಪ್.

ಎಲ್ಲಕ್ಕಿಂತ ಮೋಸದ್ದು ಕೊಳಕು ಸ್ಪಾಂಜ್. ಚೇಂಬರ್‌ಗಳ ನಡುವಿನ ಸ್ಪಾಂಜ್ ಕಟ್ಟಿಕೊಂಡಾಗ ಮೊದಲ ಚೇಂಬರ್ ಏರುತ್ತದೆ, ರಿಟರ್ನ್ ಚೇಂಬರ್ ಇಳಿಯುತ್ತದೆ. ನೀವು ಆವಿಯಾಗಿದೆ ಅಂದುಕೊಂಡು ಗೆರೆಯ ತನಕ ನೀರು ಹಾಕುತ್ತೀರಿ. ಗೆರೆ ಸರಿ ಇದೆ, ಆದರೆ ಸಂಪ್‌ನಲ್ಲಿ ಹತ್ತು ಲೀಟರ್ ಜಾಸ್ತಿ ಕೂತಿದೆ. ಅವತ್ತು ರಾತ್ರಿ ಕರೆಂಟ್ ಹೋದರೆ ಮುಗಿಯಿತು. ನೀರು ಸುರಿಯುವ ಮುಂಚೆ ಸ್ಪಾಂಜ್ ತೆಗೆದು ನೋಡಿ. ಪಂಪ್ ನಿಂತಿರುವಾಗ ಗೆರೆ ನೋಡಿ ನೀರು ಹಾಕುವುದು, ತೆಗೆಯುವುದು ಎರಡೂ ಬೇಡ. ಗೆರೆ ಮಾತಾಡುವುದು ಪಂಪ್ ಓಡುವಾಗ ಮಾತ್ರ.

## ನೀರು ಬಂದೇಬಿಟ್ಟರೆ

ಮೊದಲು ಒದ್ದೆ ನೆಲಕ್ಕೆ ಕಾಲಿಡದೆ ಮನೆಯ ಮೇನ್ ಆಫ್ ಮಾಡಿ. ಟ್ಯಾಂಕ್ ಹತ್ತಿರದ ಸ್ವಿಚ್ ಮುಟ್ಟಬೇಡಿ. ಕರೆಂಟ್ ಮೊದಲೇ ಹೋಗಿದ್ದರೂ ಮೇನ್ ಆಫ್ ಇರಲಿ, ಯಾವಾಗ ಬರುತ್ತದೋ ಗೊತ್ತಿಲ್ಲ, ಇನ್ವರ್ಟರ್ ಬೇರೆ ಇರುತ್ತದೆ. ಅದನ್ನೂ ಆರಿಸಿ.

ಸಂಪ್ ಉಕ್ಕುತ್ತಿದ್ದರೆ ರಿಟರ್ನ್ ಪೈಪ್‌ನ ಬಾಯಿಯನ್ನು ನೀರಿನಿಂದ ಮೇಲೆತ್ತಿ. ಅದು ಗಟ್ಟಿ ಪೈಪ್ ಆಗಿದ್ದು ಟ್ಯಾಂಕ್‌ನ ನೀರಿಗಿಂತ ಮೇಲೆ ಯೂನಿಯನ್ ಇದ್ದರೆ, ಅದನ್ನು ಸಡಿಲಿಸಿ ಗಾಳಿ ಬಿಡಿ. ಸೈಫನ್ ತಕ್ಷಣ ಕಡಿಯುತ್ತದೆ. ಆಮೇಲೆ ಮಗ್‌ನಲ್ಲಿ ಸಂಪ್‌ನಿಂದ ಬಕೆಟ್‌ಗೆ ತೋಡಿ. ಆ ನೀರನ್ನು ಚೆಲ್ಲಬೇಡಿ, ಮೀನಿಗೆ ವಾಪಸ್ ಬೇಕು.

ಕೆಳಗಿನ ಮನೆಯವರು ಬೆಲ್ ಮಾಡುವ ಮುಂಚೆ ನೀವೇ ಹೋಗಿ ಬೆಲ್ ಮಾಡಿ, ಅವರ ಹಾಲ್‌ನ ಫ್ಯಾನ್, ಲೈಟ್ ಆಫ್ ಮಾಡಲು ಹೇಳಿ. ನೆಲ ಒರೆಸುವುದು ಆಮೇಲೆ.